ಕರಿಯ ಉಂಗುರ

ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯು ಹೊಳಲ್ಕೆರೆಯ ಮೇಲೆ ಹಾದುಹೋಗುತ್ತದೆ. ರಸ್ತೆಯಿದ್ದಲ್ಲಿ ಗಾಡಿ, ಗಾಡಿಯಿದ್ದಲ್ಲಿ ರಿಪೇರಿ. ತಗಡಿನ ಮಾಡು ಹಾಕಿಕೊಂಡು ಕುಳಿತ ಮೇಸ್ತ್ರಿಗಳು ಈ ಊರಿನಲ್ಲಿಯೂ ಉಂಟು. ಅಂತಹ ಒಂದು ಮಾಡಿನ ಕೆಳಗೆ, ಎಣ್ಣೆ ಕುಡಿದು ಕರ್ರಗಾದ ನೆಲದ ಮೇಲೆ, ಅಡಕೆ ತೋಟದ ಗೌಡರೊಬ್ಬರಿಗೂ ಅವರ ಮೇಸ್ತ್ರಿಗೂ ಹಲವು ವರ್ಷಗಳಿಂದ ಬೆಳೆದುಬಂದ ವಿಶ್ವಾಸವು ಒಂದು ರಬ್ಬರಿನ ಉಂಗುರದ ದೆಸೆಯಿಂದ ಮುರಿದುಬೀಳುವುದರಲ್ಲಿತ್ತು.

ವಾಚಕರಲ್ಲಿ ಮೋಟಾರುಗಾಡಿಯನ್ನು ಹತ್ತಿ ಇಳಿಯುವವರು ಬಹುಮಂದಿ. ಅದರ ಹೊಟ್ಟೆಯೊಳಗೆ ಇಣುಕಿದವರು ಕಡಮೆ. ಇಂಜಿನ್ನಿನೊಳಗೆ ಕ್ರ್ಯಾಂಕು ಎಂಬ ಉಕ್ಕಿನ ದಂಡವೊಂದು ನಿಮಿಷಕ್ಕೆ ಸಾವಿರಾರು ಸಲ ತಿರುಗುತ್ತಿರುತ್ತದೆ. ಅದರ ಎರಡು ತುದಿಗಳೂ ಇಂಜಿನ್ನಿನ ಗೋಡೆಯನ್ನು ತೂರಿ ಹೊರಕ್ಕೆ ಬರಬೇಕು. ಆದರೆ ಒಳಗಿನ ಎಣ್ಣೆ ಮಾತ್ರ ಹೊರಬರಬಾರದು. ಈ ಸಂದಿನ ಕಾವಲಿಗೆ ಕುಳಿತದ್ದೇ ಆಯಿಲ್ ಸೀಲು. ಲೋಹದ ಬಳೆಯೊಂದಕ್ಕೆ ರಬ್ಬರಿನ ತುಟಿ. ಆ ತುಟಿಯು ದಂಡವನ್ನು ಬಿಡದೆ ಅಪ್ಪಿಕೊಂಡಿರಲೆಂದು ಅದರ ಹಿಂದೆ ತೆಳುವಾದ ಒಂದು ಸುರುಳಿ ಸ್ಪ್ರಿಂಗು. ಸೀಲೆಂದರೆ ಇಷ್ಟೇ.

ಇಂತಹ ಉಂಗುರವೇ ಇಲ್ಲದೆ ಊರೂರು ತಿರುಗಿದ ಗಾಡಿಗಳೂ ಇದ್ದುವು. ಉತ್ತರಪಾರದ ಕಾರ್ಖಾನೆಯಿಂದ 2014ರ ವರೆಗೆ ಹೊರಬಂದ ಅಂಬಾಸಿಡರ್ ಕಾರಿಗೆ ಬಹುಕಾಲವಿದ್ದ 1489 ಸಿಸಿಯ ಪೆಟ್ರೋಲ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂಬದಿಗೆ ರಬ್ಬರಿನ ಸೀಲಿರಲಿಲ್ಲ. ದಂಡದ ಮೇಲೆಯೇ ತಿರುಪಿನಂತೆ ಗೆರೆ ಕೊರೆದಿದ್ದರು. ದಂಡವು ತಿರುಗಿದಾಗ ಆ ಗೆರೆಯೇ ಎಣ್ಣೆಯನ್ನು ಒಳಕ್ಕೆ ತಳ್ಳುವುದು. ಪಿಸ್ಟನ್ನಿನ ರಿಂಗುಗಳು ಸವೆದು ಒಳಗೆ ಹೊಗೆಯ ಒತ್ತಡ ಹೆಚ್ಚಿದರೆ ಈ ಉಪಾಯವು ಸಾಲದೆ ಎಣ್ಣೆ ತೊಟ್ಟಿಕ್ಕುವುದು. ನಿಲ್ಲಿಸಿದ ಜಾಗದಲ್ಲಿ ಕರಿಯ ಬೊಟ್ಟು ಬಿಡದ ಅಂಬಾಸಿಡರಿನಲ್ಲಿ ಎಣ್ಣೆಯೇ ಇಲ್ಲವೆಂದು ತಿಳಿಯಬೇಕೆಂದು ಹಳೆಯ ಮೇಸ್ತ್ರಿಗಳು ನಗೆಯಾಡುವುದುಂಟು. ಆ ಗಾಡಿಯ ಮೇಲೆ ಕೈಪಳಗಿದವರಿಗೆ ಸೀಲಿನ ವಿಷಯದಲ್ಲಿ ಸ್ವಲ್ಪ ಉದಾಸೀನವಿದ್ದರೆ ಆಶ್ಚರ್ಯವಿಲ್ಲ.

ಗೌಡರದು ಅಂಬಾಸಿಡರಲ್ಲ, ಹಳೆಯದೊಂದು ಮಾರುತಿ 800. ಅದರ ಹಿಂಬದಿಯ ಸೀಲು ಸೋರತೊಡಗಿತ್ತು. ಆ ಸೀಲಿರುವುದು ಫ್ಲೈವೀಲಿನ ಹಿಂದೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನು ಇಳಿಸಬೇಕು, ಕ್ಲಚ್ಚನ್ನು ಬಿಚ್ಚಬೇಕು. ಉಂಗುರದ ಬೆಲೆ ಅಲ್ಪ, ದುಡಿಮೆ ಇಡೀ ದಿನದ್ದು. ಕಂಪನಿಯ ಪೆಟ್ಟಿಗೆಯಲ್ಲಿ ಬಂದ ಸೀಲಿನ ಅರ್ಧ ಬೆಲೆಗೆ ಅದೇ ಅಳತೆಯ ಬಿಡಿ ಸೀಲು ದುರ್ಗದ ಅಂಗಡಿಯಲ್ಲಿ ದೊರಕುವುದೆಂದು ಗೌಡರು ಎಲ್ಲಿಯೋ ಕೇಳಿಬಂದಿದ್ದರು.

"ಎರಡೂ ಕರಿಯ ಉಂಗುರವೇ ಅಲ್ಲವೇನಯ್ಯ ಮೇಸ್ತ್ರಿ? ಪೆಟ್ಟಿಗೆಗೆ ಯಾಕೆ ದುಡ್ಡು ಕೊಡಬೇಕು?" ಎಂದರು.

ಮೇಸ್ತ್ರಿ ತಲೆ ಕೆರೆದುಕೊಂಡು, "ಆಗಲಿ ಗೌಡ್ರೇ, ನೀವು ಹೇಳಿದ ಹಾಗೆ" ಎಂದ.

ಗೌಡರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಕಾರಿನ ಕಾರ್ಖಾನೆಗಳು ಸೀಲುಗಳನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಅದಕ್ಕೆಂದೇ ಇರುವ ಬೇರೆ ಕಾರ್ಖಾನೆಗಳಿಂದ ತರಿಸುತ್ತವೆ. ಅದೇ ಕಾರ್ಖಾನೆಯು ಅದೇ ಸರಕನ್ನು ತನ್ನ ಹೆಸರಿನಲ್ಲಿ ಪೇಟೆಗೆ ಬಿಟ್ಟರೆ ಬೆಲೆ ಇಳಿಯುತ್ತದೆ. ಅದನ್ನು ಕೊಳ್ಳುವುದು ಜಾಣತನವೇ. ಹಾಗೆಯೇ, ಕಂಪನಿಯ ಪೆಟ್ಟಿಗೆಯನ್ನೇ ನಕಲು ಮಾಡಿ ಒಳಗೆ ಕಸವನ್ನಿಟ್ಟು ಮಾರುವವರೂ ಇರುವುದರಿಂದ ಪೆಟ್ಟಿಗೆಯು ಪ್ರಮಾಣವಲ್ಲ. ಸೀಲಿನ ಮೈಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಒಳಸುತ್ತಿನ ಅಗಲ, ಹೊರಸುತ್ತಿನ ಅಗಲ, ದಪ್ಪ. ಅಳತೆ ಹೊಂದಿದರೆ ಉಂಗುರವು ಕುಳಿತುಕೊಳ್ಳುತ್ತದೆ. ಆದರೆ ರಬ್ಬರಿನ ಜಾತಿಯನ್ನು ಆ ಮೂರು ಅಂಕಿಗಳು ಹೇಳುವುದಿಲ್ಲ. ನೈಟ್ರೈಲೆಂಬ ಸಾಮಾನ್ಯ ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಬಹುಕಾಲ ತಾಳಬಲ್ಲದು. ಅದರಾಚೆಗೆ ಬೇಗ ಗಡುಸಾಗುತ್ತದೆ. 1957ರಲ್ಲಿ ಡ್ಯೂಪಾಂಟ್ ಕಂಪನಿಯು ಪೇಟೆಗೆ ತಂದ ವೈಟಾನಿನ ಜಾತಿಯದು 200 ಡಿಗ್ರಿಯ ಸಮೀಪದವರೆಗೂ ತಾಳುವುದು. ಬಣ್ಣವನ್ನು ಮಾತ್ರ ನೋಡಿ ಇದನ್ನು ನಿಶ್ಚಯಿಸಲಾಗದು. ಕೆಲವು ಸೀಲುಗಳ ತುಟಿಯಲ್ಲಿ ದಂಡವು ತಿರುಗುವ ದಿಕ್ಕಿಗೆ ತಕ್ಕಂತೆ ಓರೆ ಗೀರುಗಳೂ ಇರುವುವು. ದಿಕ್ಕು ತಪ್ಪಿದರೆ ಕಾವಲುಗಾರನೇ ಬಾಗಿಲು ತೆರೆದು ಎಣ್ಣೆಯನ್ನು ಹೊರಕ್ಕೆ ಕಳುಹಿಸಿದಂತೆ.

ಬೆಲೆ ಹೆಚ್ಚಾದ ಮಾತ್ರಕ್ಕೆ ನಿರ್ಭಯವೆಂದೂ ಅಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಆಕಾಶನೌಕೆಯು ಹಾರಿದ 73 ಸೆಕೆಂಡುಗಳಲ್ಲಿ ಒಡೆದು ಏಳು ಜನ ಸತ್ತದ್ದು ರಾಕೆಟ್ಟಿನ ಸಂದಿನಲ್ಲಿದ್ದ ರಬ್ಬರುಂಗುರದ ದೋಷದಿಂದ. ಅದೂ ವೈಟಾನಿನ ಜಾತಿಯದೇ. ಆ ಬೆಳಗಿನ ಕೊರೆವ ಚಳಿಯಲ್ಲಿ ತನ್ನ ಪುಟಿತವನ್ನು ಕಳೆದುಕೊಂಡಿತ್ತು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯ ಸಭೆಯಲ್ಲಿಯೇ ಅಂತಹ ರಬ್ಬರಿನ ತುಂಡನ್ನು ಮಂಜಿನ ನೀರಿನಲ್ಲಿ ಅದ್ದಿ ಇದನ್ನು ತೋರಿಸಿಕೊಟ್ಟರು. ಬಿಸಿಗೆ ಹುಟ್ಟಿದ್ದು ಚಳಿಗೆ ಸೋತಿತು.

ಮೇಸ್ತ್ರಿಗೆ ರಾಕೆಟ್ಟಿನ ಕಥೆ ತಿಳಿದಿತ್ತೋ ಇಲ್ಲವೋ, ರಬ್ಬರಿನ ಕಥೆ ತಿಳಿದಿತ್ತು. ಅಂಗಡಿಯಿಂದ ಬಂದ ಸೀಲನ್ನು ಬೆರಳುಗಳ ನಡುವೆ ಹಿಸುಕಿದಾಗಲೇ ಅವನ ಮನಸ್ಸು ಅಳುಕಿತಂತೆ. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ, ಪೆಟ್ಟಿಗೆಯ ಸೀಲಿನಲ್ಲಿ ತನಗೇನೋ ಲಾಭವಿದೆಯೆಂದು ಗೌಡರು ಎಣಿಸಿಯಾರೆಂಬ ಅಂಜಿಕೆ. ರಿಪೇರಿಯ ಕಸಬಿನಲ್ಲಿ ಇದೊಂದು ವಿಚಿತ್ರ ಸಂಕಟ: ಸುಳ್ಳು ಹೇಳಿದವನನ್ನು ನಂಬುವವರಿದ್ದಾರೆ, ನಿಜ ಹೇಳಿದವನ ಮೇಲೆ ಸಂಶಯ ಹುಟ್ಟುತ್ತದೆ.

ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಗಾಡಿ ಚೆನ್ನಾಗಿಯೇ ಓಡಿತು. ಚೈತ್ರದ ಬಿಸಿಲಿನಲ್ಲಿ, ದುರ್ಗದ ದಾರಿಯ ಏರೊಂದರಲ್ಲಿ, ಇಂಜಿನ್ನು ಅಬ್ಬರಿಸಿತೇ ಹೊರತು ಚಕ್ರ ಮುಂದಕ್ಕೆ ಸಾಗಲಿಲ್ಲ. ಗೌಡರ ಮಡದಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಿವಸ ಅದು. ಆಕೆ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ಒಂದು ಗಳಿಗೆ ನಿಲ್ಲಬೇಕಾಯಿತು.

ಮತ್ತೆ ಗೇರ್‌ಬಾಕ್ಸು ಇಳಿಯಿತು. ಕ್ಲಚ್ಚಿನ ತಟ್ಟೆ ಎಣ್ಣೆಯಲ್ಲಿ ತೊಯ್ದು ಕೆಟ್ಟಿತ್ತು. ಸೀಲಿನ ತುಟಿಯು ಒಣಗಿದ ಹುಣಸೆಯ ಸಿಪ್ಪೆಯಂತೆ ಬಿರುಸಾಗಿ, ಉಗುರು ತಾಗಿಸಿದರೆ ಚೂರಾಗುತ್ತಿತ್ತು. ಮೇಸ್ತ್ರಿ ಅದನ್ನು ಗೌಡರ ಅಂಗೈಯಲ್ಲಿ ಇಟ್ಟ.

"ಹಾಕುವಾಗಲೇ ಗೊತ್ತಿತ್ತು ಗೌಡ್ರೇ. ಹೇಳಬೇಕಾಗಿತ್ತು, ಹೇಳಲಿಲ್ಲ."

ಗೌಡರು ಬಹಳ ಹೊತ್ತು ಮಾತನಾಡಲಿಲ್ಲ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲ ಮನುಷ್ಯ ಅವರು; ಗೋಣಿಯ ಮೇಲುಭಾಗದಲ್ಲಿ ಒಳ್ಳೆಯ ಅಡಕೆಯನ್ನಿಟ್ಟು ತಂದವನನ್ನು ಬಾಯಿತುಂಬ ಬೈದವರು. ಕಡೆಗೆ, "ನಾನು ಕೇಳಿದ್ದನ್ನು ನೀನು ಹಾಕಿದೆ. ನನಗೆ ತಿಳಿಯದು ಅಂತ ನಿನಗೆ ತಿಳಿದಿತ್ತಲ್ಲ" ಎಂದರು. ಸೀಲಿಗೂ ತಟ್ಟೆಗೂ ಹಣವನ್ನು ಎಣಿಸಿಟ್ಟರು. ಕೂಲಿಯನ್ನು ಮೇಸ್ತ್ರಿ ಮುಟ್ಟಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ಆಮೇಲೆ ಕೆಲವು ತಿಂಗಳು ಗೌಡರ ಗಾಡಿ ಆ ಮಾಡಿನ ಕೆಳಗೆ ಕಾಣಲಿಲ್ಲ. ಕಂಡದ್ದು ಇಂಜಿನ್ನಿನ ಮೇಲ್ಮುಚ್ಚಳದ ಸುತ್ತ ಎಣ್ಣೆ ಜಿನುಗಿದಾಗ. ಈ ಸಲ ಗೌಡರೇ ಕಂಪನಿಯ ಪೆಟ್ಟಿಗೆಯ ಗ್ಯಾಸ್ಕೆಟ್ಟು ಬೇಕೆಂದು ಹಠ ಹಿಡಿದರು. ಮೇಸ್ತ್ರಿ ಬಿಡಿ ಸರಕೊಂದನ್ನು ತೆಗೆದು ಮುಂದಿಟ್ಟ.

"ಇಲ್ಲಿಗೆ ಇದು ಸಾಕು ಗೌಡ್ರೇ. ಹೋದರೆ ಅರ್ಧ ಗಂಟೆಯ ಕೆಲಸ, ನಾಲ್ಕು ಬೋಲ್ಟು. ಅಲ್ಲಿಗೆ ಬೇಡ ಅಂದದ್ದು ಬೇರೆ."

ಗೌಡರು ಅದನ್ನು ಬಿಸಿಲಿಗೆ ಹಿಡಿದರು, ಮಡಿಸಿದರು, ಎಳೆದರು, ಮೂಗಿನ ಹತ್ತಿರ ತಂದು ಮೂಸಿಯೂ ನೋಡಿದರು. ಆಮೇಲೆ ಮೇಸ್ತ್ರಿಯ ಮುಖವನ್ನು ನೋಡಿದರು.

"ಹಾಕು," ಎಂದು ಹೇಳಿ, ಬೆಂಚಿನ ಮೇಲೆ ಕುಳಿತು ಪತ್ರಿಕೆಯನ್ನು ಬಿಚ್ಚಿಕೊಂಡರು.