ಯೆಜ್ದಿಗೆ ಸಯನ್ನಿನ ಗಾಳಿ

ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ 14.7 ತೂಕ ಗಾಳಿ ಬೇಕು. ಮೋಟಾರು ಸೈಕಲ್ಲಿನಲ್ಲಿ ಈ ಜಮಾಖರ್ಚು ನೋಡಿಕೊಳ್ಳುವ ಗುಮಾಸ್ತನೇ ಕಾರ್ಬ್ಯುರೇಟರು. ನಾನೂ ಗುಮಾಸ್ತನೇ ಆದ್ದರಿಂದ ಅದರ ಮೇಲೆ ನನಗೆ ಕೊಂಚ ಪಕ್ಷಪಾತವಿದ್ದರೆ ಓದುಗರು ಮನ್ನಿಸಬೇಕು.

ನಮ್ಮ ತಂದೆಯವರು 1984ರಲ್ಲಿ ಮೈಸೂರಿನಲ್ಲಿ ಕೊಂಡ ಯೆಜ್ದಿ ಕಳೆದ ವರ್ಷ ಅವರ ಜೊತೆಗೇ ಸಯನ್ನಿಗೆ ಬಂತು. (ಕಾಗದಪತ್ರಗಳ ಗೋಳು ಬೇರೆಯೇ ಒಂದು ಲೇಖನವಾದೀತು.) ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಮೊದಲು ಜಾವಾ ಎಂಬ ಹೆಸರಿನಲ್ಲೂ 1973ರಿಂದ ಯೆಜ್ದಿ ಎಂಬ ಹೆಸರಿನಲ್ಲೂ ಗಾಡಿ ಕಟ್ಟಿ, 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯನ್ನು ಮೈಸೂರಿನಲ್ಲಿ ಸ್ಥಾಪಿಸಿದ ಇರಾನಿಯವರು ನಮ್ಮ ಈ ಮುಂಬಯಿಯವರೇ ಎಂಬುದು ಎಷ್ಟು ಜನಕ್ಕೆ ಗೊತ್ತೋ!

ಊರಿನಲ್ಲಿ ಒಂದೇ ಒದೆತಕ್ಕೆ ಎದ್ದು ನಿಲ್ಲುತ್ತಿದ್ದ ಗಾಡಿ ಇಲ್ಲಿ ಗೊಣಗತೊಡಗಿತು. ಐಡಲಿಂಗ್ ನಿಲ್ಲದು, ಏರು ಸಿಕ್ಕರೆ ಎಂಜಿನ್ ಕಾದು ಕೆಂಡ. ತಂದೆಯವರಿಗೆ ಎಪ್ಪತ್ತೆಂಟು; ಕೈ ನಡುಗುತ್ತದೆ, ಕಿವಿ ಮಾತ್ರ ಚುರುಕು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿ, "ಇದಕ್ಕೆ ಹೊಟ್ಟೆಗೆ ಸಾಲ್ತಾ ಇಲ್ಲ ಕಣೋ" ಎಂದರು. ಸ್ವಲ್ಪ ತಡೆದು, "ಸರಿಹೋಗದಿದ್ರೆ ಗುಜರಿಗೆ ಕೊಟ್ಟುಬಿಡು. ನಿಂತ ಗಾಡೀನ ದಿನಾ ನೋಡೋಕಾಗಲ್ಲ" ಎಂದೂ ಸೇರಿಸಿದರು.

ಪ್ಲಗ್ಗು ಬಿಚ್ಚಿದೆ. ತುದಿ ಸುಣ್ಣದಂತೆ ಬಿಳುಪು: ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಕಾರಣ ಹುಡುಕಲು ಬಿ.ಎಸ್ಸಿ. ಸಾಕಾಯಿತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಅಲ್ಲಿನ ಗಾಳಿ ಇಲ್ಲಿಗಿಂತ ನೂರಕ್ಕೆ ಏಳರಷ್ಟು ತೆಳು. ಆ ತೆಳುಗಾಳಿಗೆ ಹೊಂದಿಸಿದ ಪೆಟ್ರೋಲು ಇಲ್ಲಿನ ದಟ್ಟಗಾಳಿಗೆ ಸಾಲದು. ಇದರ ಮೇಲೆ ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲು. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಅದಕ್ಕೆ 9 ತೂಕ ಗಾಳಿ ಸಾಕು. ಹೊಸ ಗಾಡಿಗಳಲ್ಲಿ ಇಂಜೆಕ್ಷನ್ ತಾನೇ ಸರಿದೂಗಿಸುತ್ತದೆ, ಹಳೆಯ ಕಾರ್ಬ್ಯುರೇಟರಿಗೆ ಆ ಜಾಣತನವಿಲ್ಲ.

ಪರಿಚಯದ ಮೆಕ್ಯಾನಿಕ್ಕೊಬ್ಬರು "ಆಯಿಲ್ ಜ್ಯಾದಾ ಡಾಲೋ, ಸಾಬ್" ಎಂದರು. ನಾನು ಒಪ್ಪಲಿಲ್ಲ. ಟೂ-ಸ್ಟ್ರೋಕಿನಲ್ಲಿ ಎಣ್ಣೆ ಪೆಟ್ರೋಲಿನೊಡನೆಯೇ ಒಳಗೆ ಹೋಗುವುದು. ಜೆಟ್ಟಿನ ತೂತು ಅಷ್ಟೇ ಇರುವಾಗ ಎಣ್ಣೆ ಹೆಚ್ಚಿಸಿದರೆ ಪೆಟ್ರೋಲಿನ ಪಾಲು ಇನ್ನೂ ಇಳಿಯುತ್ತದೆ, ಮಿಶ್ರಣ ಇನ್ನೂ ತೆಳುವಾಗುತ್ತದೆ. ತೆಳುವಾದರೆ ಬಿಸಿ, ಬಿಸಿ ಮಿತಿಮೀರಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಒಂದು ಭಾನುವಾರ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೆಲಸಕ್ಕೆ ಕೂತೆ. ನಮ್ಮ ಗಾಡಿಯಲ್ಲಿರುವುದು ಗಾಳಿಯ ತಿರುಪು. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗುತ್ತದೆ. (ಕೆಲವು ಗಾಡಿಗಳಲ್ಲಿ ಅದು ಪೆಟ್ರೋಲಿನ ತಿರುಪು; ಅಲ್ಲಿ ಲೆಕ್ಕ ತಿರುಗುಮುರುಗು.) ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಕ್ಕೆ ತಂದು, ಅಲ್ಲಿಂದ ಕಾಲು ಕಾಲು ಸುತ್ತು ಅತ್ತಿತ್ತ. ತಂದೆಯವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸದ್ದು ಏರಿ ಸಮನಾದಲ್ಲಿ ಕೈ ಎತ್ತಿದರು. ಆಮೇಲೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದೆ. ಸೂಜಿ ಮೇಲೆದ್ದು, ಅರ್ಧ ಥ್ರಾಟಲ್ಲಿನಲ್ಲೂ ಪೆಟ್ರೋಲು ಧಾರಾಳವಾಯಿತು.

ತಂದೆಯವರನ್ನು ಹಿಂದೆ ಕೂರಿಸಿಕೊಂಡು ಕಿಂಗ್ಸ್ ಸರ್ಕಲ್ಲಿನವರೆಗೆ ನಿಧಾನವಾಗಿ ಹೋಗಿ ಬಂದೆ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಇಳಿದವರೇ "ಪ್ಲಗ್ ಬಿಚ್ಚು" ಎಂದರು. ತುದಿ ಚಿಕೋರಿ ಬೆರೆಸಿದ ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಮಳೆಗಾಲದಲ್ಲಿ ಇನ್ನೊಂದು ಸಲ ನೋಡ್ಬೇಕಾಗುತ್ತೆ" ಎಂದು ಅದನ್ನು ನನ್ನ ಕೈಗೆ ಕೊಟ್ಟರು.