ದಿನಕ್ಕೊಂದೇ ಲೋಟ

ಕಾಫಿಯ ರುಚಿ ಎಲ್ಲಿ ಹುಟ್ಟುತ್ತದೆ ಎಂಬ ವಿಷಯದಲ್ಲಿ ಮತಭೇದಗಳು ಹಲವು. ಬೀಜದಲ್ಲಿ ಎನ್ನುವವರು ಚಿಕ್ಕಮಗಳೂರಿನ ಕಡೆಯವರು. ಹುರಿಯುವ ಹದದಲ್ಲಿ ಎನ್ನುವವರು ಅಂಗಡಿಯವರು. ಹಾಲಿನಲ್ಲಿ ಎನ್ನುವವರು ಎಮ್ಮೆ ಕಟ್ಟಿದವರು. ಬೀಸುವುದರಲ್ಲಿ ಎನ್ನುವ ಪಂಗಡವೂ ಒಂದುಂಟು. ಅದರಲ್ಲಿ ಜನ ಕಡಮೆ, ಖರ್ಚು ಹೆಚ್ಚು. ಕಳೆದ ವರ್ಷದಿಂದ ನಾನು ಆ ಪಂಗಡದವನು.

ನನ್ನನ್ನು ಅದಕ್ಕೆ ಸೇರಿಸಿದವರು ಡಾಕ್ಟರು. ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದವನ ಎದೆಯನ್ನು ಪರೀಕ್ಷಿಸಿ, "ಇನ್ನು ಮೇಲೆ ಒಂದೇ" ಎಂದು ಅಪ್ಪಣೆ ಮಾಡಿದರು. ನಾಲ್ಕು ಲೋಟದವನಿಗೆ ಒಂದು ಕೆಟ್ಟರೆ ಮೂರು ಉಳಿದಿರುತ್ತವೆ. ಒಂದೇ ಲೋಟದವನಿಗೆ ಆ ಸೌಕರ್ಯವಿಲ್ಲ. ಅದು ಕೆಟ್ಟರೆ ಆ ದಿನವೇ ಕೆಟ್ಟಂತೆ. "ಒಂದಾದರೂ ಚೆನ್ನಾಗಿರಲಿ" ಎಂದು ಬೆಂಗಳೂರಿನಿಂದ ಮಗಳು ಎಸ್ಪ್ರೆಸೊ ಯಂತ್ರವೊಂದನ್ನು ಕಳುಹಿಸಿದಳು.

ನಮ್ಮ ಫಿಲ್ಟರು ಸಾತ್ವಿಕ ಪ್ರಾಣಿ. ಬಿಸಿನೀರು ಹೊಯ್ದು ಮುಚ್ಚಳ ಹಾಕಿ ಸ್ನಾನಕ್ಕೆ ಹೋದರೆ, ತನ್ನಷ್ಟಕ್ಕೆ ತಾನು ತೊಟ್ಟಿಕ್ಕುತ್ತದೆ. ಪುಡಿ ತುಸು ದಪ್ಪವಾದರೂ ಕ್ಷಮಿಸುತ್ತದೆ. ಎಸ್ಪ್ರೆಸೊ ಹಾಗಲ್ಲ, ಇಟಲಿಯ ಅವಸರದ ಕೂಸು. ಮಿಲಾನಿನ ಲುಯಿಜಿ ಬೆಜ್ಜೆರಾ ತನ್ನ ಯಂತ್ರಕ್ಕೆ ಪೇಟೆಂಟ್ ಕೇಳಿದ್ದು ೧೯೦೧ರಲ್ಲಿ. ಆ ಶತಮಾನದ ನಡುವಿಗೆ ಅಕಿಲೆ ಗಾಜಿಯಾ ಸನ್ನೆಯ ಬಲದಿಂದ ನೀರಿನ ಒತ್ತಡವನ್ನು ಹೆಚ್ಚಿಸಿದ ಮೇಲೆ, ಈಗ ಕಾಣುವ ಹೊಂಬಣ್ಣದ ನೊರೆ ಬಂತು. ಇಂದಿನ ರೂಢಿಯಲ್ಲಿ ೧೮ ಗ್ರಾಂ ಪುಡಿಯ ಮೇಲೆ ಬಿಸಿನೀರು ವಾಯುಭಾರದ ೯ ಪಟ್ಟು ಒತ್ತಡದಿಂದ ನುಗ್ಗಿ, ೨೫ರಿಂದ ೩೦ ಸೆಕೆಂಡುಗಳಲ್ಲಿ ಸುಮಾರು ೩೬ ಗ್ರಾಂ ಡಿಕಾಕ್ಷನ್ ಇಳಿಯಬೇಕು. ಮಾಟುಂಗಾದ ಅಂಗಡಿಯಲ್ಲಿ ಫಿಲ್ಟರಿಗೆಂದು ಬೀಸಿ ಕೊಡುವ ಪುಡಿಯನ್ನು ಇದಕ್ಕೆ ತುಂಬಿದರೆ ನೀರು ನಿಲ್ಲದೆ ಓಡಿಹೋಗಿ ಬರಿಯ ಹುಳಿ ಉಳಿಯುತ್ತದೆ. ಮಿತಿಮೀರಿ ನಯವಾದರೆ ನೀರು ಇಳಿಯಲೊಲ್ಲದೆ ಕಹಿಯಾಗುತ್ತದೆ. ಕೂದಲೆಳೆಯ ವ್ಯತ್ಯಾಸಕ್ಕೂ ಲೆಕ್ಕ ಕೇಳುವ ಕೂಸು ಇದು. ಆದ್ದರಿಂದ ಪುಡಿ ಮನೆಯಲ್ಲೇ, ಆಗಲೇ, ಬೀಸಿದ್ದಾಗಬೇಕು.

"ಗ್ರೈಂಡರ್ ತರಬೇಕು" ಎಂದೆ. "ಇದೆಯಲ್ಲ" ಎಂದು ನನ್ನಾಕೆ ಇಡ್ಲಿಹಿಟ್ಟಿನ ಕಡೆ ಕೈ ತೋರಿಸಿದಳು.

ಕಾಫಿಯ ಗ್ರೈಂಡರಿನ ಬೆಲೆ ಕೆಲವು ಸಾವಿರದಿಂದ ಹೊರಟು ಲಕ್ಷವನ್ನು ದಾಟುತ್ತದೆ. ಅಷ್ಟು ದುಡ್ಡು ಯಾವುದಕ್ಕೆ ಎಂದು ತಿಳಿಯದೆ ಅಂಗಡಿಯ ಮೆಟ್ಟಿಲು ಹತ್ತಬಾರದು. ಮಿಕ್ಸಿಯ ಅಲಗು ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ನುಚ್ಚು. ಧೂಳು ಕಹಿ ಬಿಡುತ್ತದೆ, ನುಚ್ಚು ಹುಳಿ ಬಿಡುತ್ತದೆ, ಎರಡೂ ಒಂದೇ ಲೋಟಕ್ಕೆ. ಒಳ್ಳೆಯ ಗ್ರೈಂಡರಿನಲ್ಲಿ ಹಲ್ಲುಳ್ಳ ಎರಡು ಉಕ್ಕಿನ ಚಕ್ರಗಳಿರುತ್ತವೆ. ಅವುಗಳ ನಡುವಣ ಸಂದು ಎಷ್ಟೋ ಪುಡಿಯೂ ಅಷ್ಟೇ. ನಾವು ಹಣ ಕೊಡಬೇಕಾದದ್ದು ಆ ಹಲ್ಲಿಗೆ, ಅಲುಗಾಡದ ಅಚ್ಚಿಗೆ, ಚಕ್ರಗಳು ಒಂದಕ್ಕೊಂದು ಸಮನಾಗಿ ಕೂಡುವುದಕ್ಕೆ, ಸಂದನ್ನು ಎಳ್ಳಷ್ಟೆಳ್ಳಷ್ಟೇ ತಿದ್ದುವ ತಿರುಪಿಗೆ. ಹೊರಗಿನ ಹೊಳಪು, ಬೆಳಗುವ ಗುಂಡಿಗಳು ಮದುವೆಮನೆಯ ಚಪ್ಪರವಿದ್ದಂತೆ.

ಚಕ್ರಗಳಲ್ಲಿಯೂ ಎರಡು ಬಗೆ. ಚಪ್ಪಟೆಯ ಬಿಲ್ಲೆಗಳು ಬೀಜದ ಒಂದೊಂದು ಗುಣವನ್ನೂ ಬಿಡಿಸಿ ತೋರಿಸುತ್ತವೆ ಎನ್ನುತ್ತಾರೆ. ನಸುವಾಗಿ ಹುರಿದು ಹಾಲಿಲ್ಲದೆ ಕುಡಿಯುವವರಿಗೆ ಅವು ಪ್ರಿಯ. ಶಂಕುವಿನ ಆಕಾರದವು ಎಲ್ಲವನ್ನೂ ಕೂಡಿಸಿ ಗಟ್ಟಿತನ ಕೊಡುತ್ತವೆ. ನನ್ನದು ಕಡುಹುರಿ, ಮೇಲೆ ಹಾಲು. ನನಗೆ ಶಂಕುವೇ ಸಾಕೆಂದು ತೀರ್ಮಾನವಾಗಿ ಮೂವತ್ತು ಸಾವಿರ ಉಳಿಯಿತು.

ಆಮೇಲೆ ನೋಡಬೇಕಾದದ್ದು ಗಂಟಲು. ೧೮ ಗ್ರಾಂ ಹಾಕಿದರೆ ೧೮ ಗ್ರಾಮೇ ಹೊರಗೆ ಬರಬೇಕು; ಒಳಗೆ ಉಳಿದದ್ದು ನಾಳಿನ ಲೋಟಕ್ಕೆ ನಿನ್ನೆಯ ಹಳಸಲು. ಬೀಸುವಾಗ ಪುಡಿಯಲ್ಲಿ ವಿದ್ಯುತ್ತು ಹುಟ್ಟಿ ಅಲ್ಲಲ್ಲೇ ಅಂಟಿಕೊಳ್ಳುವುದೂ ಉಂಟು. ಬೀಜಕ್ಕೆ ಒಂದೆರಡು ಹನಿ ನೀರು ಚಿಮುಕಿಸಿದರೆ ಈ ಉಪದ್ರವ ತಗ್ಗುತ್ತದೆಂದು ೨೦೨೩ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದಾರೆ. ಮುಂಬಯಿಯ ಮನೆಗಳಲ್ಲಿ ಸದ್ದನ್ನೂ ವಿಚಾರಿಸಬೇಕು. ಬೆಳಗಿನ ಐದೂವರೆಗೆ ನಮ್ಮ ಕಾಫಿಯಿಂದ ಪಕ್ಕದ ಮನೆಯವರು ಏಳುವಂತಾಗಬಾರದು.

ಕೈಯಿಂದ ತಿರುಗಿಸುವ ಮಿಷನ್ನುಗಳು ಅಗ್ಗ. ಒಳ್ಳೆಯವುಗಳ ಪುಡಿಯೂ ದುಬಾರಿ ಯಂತ್ರಗಳಿಗೆ ಸರಿಸಾಟಿ. ನನ್ನ ಬಾಲ್ಯದಲ್ಲಿ ಹಲಗೆಗೆ ಬಿಗಿದ ಅಂಥದೊಂದನ್ನು ತಿರುಗಿಸುವ ಕೆಲಸ ಹುಡುಗರದಾಗಿತ್ತು. ತೋಳಿನಲ್ಲಿ ಶಕ್ತಿಯಿರುವವರು ಅದನ್ನೇ ಕೊಳ್ಳಲಿ. ನನ್ನ ಎದೆ ಅದಕ್ಕೆ ಒಪ್ಪಲಿಲ್ಲ.

ಇನ್ನೊಂದು ಮಾತು: ಒಂದೇ ಗ್ರೈಂಡರಿನಿಂದ ಫಿಲ್ಟರಿಗೂ ಎಸ್ಪ್ರೆಸೊಗೂ ಬೀಸಹೊರಟರೆ ದಿನವೂ ತಿರುಪು ತಿದ್ದುವುದೇ ಉದ್ಯೋಗವಾಗುತ್ತದೆ. ನನ್ನಾಕೆ ತನ್ನ ಫಿಲ್ಟರನ್ನು ಬಿಟ್ಟುಕೊಡಲಿಲ್ಲ. ಅವಳ ಚಿಕೋರಿ ಬೆರೆತ ಪುಡಿ ಈಗಲೂ ಮಾಟುಂಗಾದಿಂದಲೇ ಬರುತ್ತದೆ.

ಕೊನೆಗೆ ಮನಸ್ಸು ನಿಂತ ಗ್ರೈಂಡರಿನ ಬೆಲೆ ೬೦,೦೦೦ ರೂಪಾಯಿ. ಪಿಂಚಣಿದಾರನ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಕಾಗದ ತೆಗೆದುಕೊಂಡು ಕುಳಿತೆ. ದಿನಕ್ಕೊಂದು ಲೋಟ, ಹತ್ತು ವರ್ಷಕ್ಕೆ ೩,೬೫೦ ಲೋಟ; ಲೋಟಕ್ಕೆ ಹದಿನಾರೂವರೆ ರೂಪಾಯಿಯೂ ಬೀಳುವುದಿಲ್ಲ. ಹತ್ತು ಎಂದು ಬರೆದ ಕೈ ಅಲ್ಲಿಯೇ ತಡೆಯಿತು. ಹೊಡೆದುಹಾಕಿ ಐದು ಎಂದು ಬರೆದೆ. ಲೋಟಕ್ಕೆ ಸುಮಾರು ಮೂವತ್ತಮೂರಾಯಿತು. ಹಿಂದೆ ನಿಂತು ನೋಡುತ್ತಿದ್ದ ನನ್ನಾಕೆ, "ಹತ್ತಕ್ಕೇ ಹಾಕಿ. ಲೆಕ್ಕದಲ್ಲೇಕೆ ಜಿಪುಣತನ?" ಎಂದಳು. ಆಮೇಲೆ ಅವಳು ಬೆಲೆಯ ಮಾತೆತ್ತಲಿಲ್ಲ.

ನಾಲ್ಕು ಲೋಟ ಕುಡಿಯುವ ಭಾಗ್ಯವಂತರಿಗೆ ಇಷ್ಟೆಲ್ಲ ಬೇಕಿಲ್ಲ. ಫಿಲ್ಟರೂ ಹೊಸ ಪುಡಿಯೂ ಅವರನ್ನು ಕಾಪಾಡುತ್ತವೆ. ಎಣಿಸಿ ಕುಡಿಯುವವರಿಗೆ ಮಾತ್ರ ನನ್ನ ಶಿಫಾರಸು.

ಗ್ರೈಂಡರ್ ಬಂದ ದಿನ ಇನ್ನೊಂದು ಲೆಕ್ಕ ಹೊಳೆಯಿತು. ಇಂಥ ಚಕ್ರಗಳು ಸವೆಯುವುದಕ್ಕೆ ನೂರಾರು ಕಿಲೋ ಬೀಜ ಬೇಕು; ನನಗೆ ಬೇಕಾದದ್ದು ವರ್ಷಕ್ಕೆ ಆರೂವರೆ ಕಿಲೋ. "ಹಾಗಾದರೆ ನನ್ನ ತರುವಾಯ ಇದು ಮಗಳಿಗೆ ಎಂದು ಬರೆದಿಡುತ್ತೇನೆ" ಎಂದೆ.

"ಮೊದಲು ನಿಮ್ಮ ಹತ್ತು ವರ್ಷ ಮುಗಿಸಿ" ಎಂದು ಅವಳು ಹಾಲು ಕಾಯಿಸಲು ಹೋದಳು.