ಕೊಡೆಯ ಮೇಲಣ ಕಲೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿಗೆ ಸಾಣೆ ಹಿಡಿಯುವವರ ಊರು. ಕೂದಲೆಳೆಯಷ್ಟು ಕಲೆ ಕಂಡರೂ ಬೆಲೆ ಬಿದ್ದುಹೋಗುವುದೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹರಳಿನ ಕಲೆ ಬೆಳೆಯುವುದಿಲ್ಲ. ಪಕ್ಕದ ಹರಳಿಗೆ ಅಂಟುವುದೂ ಇಲ್ಲ. ಅಣಬೆಯ ಕಲೆ ಹಾಗಲ್ಲ. ಸಂಜೆ ಅಚ್ಚ ಬಿಳುಪಾಗಿದ್ದ ಕೊಡೆಯ ಮೇಲೆ ಬೆಳಿಗ್ಗೆ ತಿಳಿಹಳದಿಯ ಚುಕ್ಕೆ. ಬರಬರುತ್ತ ಅದೇ ಕಂದು ಮಚ್ಚೆ, ಮುಟ್ಟಿದರೆ ಜಿಗುಟು. ಕೊಯ್ಯುವಾಗ ಚೆನ್ನಾಗಿಯೇ ಇದ್ದದ್ದು ಪೇಟೆ ಮುಟ್ಟುವಷ್ಟರಲ್ಲಿ ಕಲೆ ಹೊತ್ತಿರುವುದೂ ಉಂಟು. ಹುಲ್ಲಿನ ಚೀಲಗಳಲ್ಲಿ ಚಿಪ್ಪಣಬೆ ಬೆಳೆದು, ಅದನ್ನೇ ನಂಬಿದ ಸಂಸಾರಕ್ಕೆ ಆ ದಿನದ ಬುಟ್ಟಿಯಷ್ಟೂ ನಷ್ಟ.

ಬಿಳಿ ಗುಂಡಣಬೆಯ ಈ ರೋಗವನ್ನು 1915ರಲ್ಲಿ ಅಮೆರಿಕದಲ್ಲಿ ವರದಿ ಮಾಡಿದವನು ತೊಲಾಸ್. 1919ರಲ್ಲಿ ಇಂಗ್ಲೆಂಡಿನ ಪೇನ್ ರೋಗದ ಬ್ಯಾಕ್ಟೀರಿಯಕ್ಕೆ ಅವನ ಹೆಸರನ್ನೇ ಇಟ್ಟನು. ವಿಜ್ಞಾನಿಗಳ ಸನ್ಮಾನ ಕೆಲವೊಮ್ಮೆ ಹೀಗಿರುತ್ತದೆ! ಇಂದು ಅದು ಸ್ಯೂಡೋಮೋನಾಸ್ ತೊಲಾಸಿ. ಅದು ಸುರಿಸುವ ತೊಲಾಸಿನ್ ಎಂಬ ವಿಷ ಅಣಬೆಯ ಜೀವಕೋಶಗಳ ಪೊರೆಯಲ್ಲಿ ತೂತು ಕೊರೆಯುತ್ತದೆ. ಒಳಗಿನ ರಸ ಸೋರಿ, ಕೋಶ ಕುಸಿದು ಕಂದಾಗುತ್ತದೆ.

ಈ ಜೀವಿಯನ್ನು ಅಣಬೆಮನೆಯಿಂದ ಪೂರ್ತಿ ಹೊರಗಟ್ಟುವೆನೆಂಬುದು ದುರಾಸೆ. ಅದು ನೀರಿನಲ್ಲೂ ಉಂಟು, ಮಣ್ಣಿನಲ್ಲೂ ಉಂಟು. ಅದರ ದಾಯಾದಿಯಾದ ಸ್ಯೂಡೋಮೋನಾಸ್ ಪುಟಿಡಾ ಎಂಬುದಂತೂ ಗುಂಡಣಬೆ ಮೊಳೆಯಲು ಸಹಾಯವನ್ನೇ ಮಾಡುತ್ತದೆ. ರೋಗಕ್ಕೆ ಬಲ ಕೊಡುವುದು ಕೊಡೆಯ ಮೇಲೆ ಆರದೆ ನಿಂತ ನೀರಿನ ತೆಳುಪದರ. ಬೆಳೆಗಾರನ ಕಷ್ಟವೂ ಇಲ್ಲಿಯೇ ಇದೆ. ಅಣಬೆಯೆಂದರೆ ಹತ್ತರಲ್ಲಿ ಒಂಬತ್ತು ಪಾಲು ನೀರು. ಕೋಣೆಯ ಗಾಳಿಯಲ್ಲಿ ನೂರಕ್ಕೆ 80-90ರಷ್ಟು ತೇವವಿರಬೇಕು. ಒಣಗೀತೆಂಬ ಅಂಜಿಕೆಯಿಂದ ಆತ ಮತ್ತೆ ಮತ್ತೆ ನೀರು ಚಿಮುಕಿಸುತ್ತಾನೆ, ತೇವ ಹೋದೀತೆಂದು ಕಿಟಕಿ ಮುಚ್ಚುತ್ತಾನೆ. ನೀರುಣಿಸಿದ ನಾಲ್ಕಾರು ಗಂಟೆಗಳಲ್ಲಿ ಕೊಡೆಯ ಮೈ ಆರದಿದ್ದರೆ ಕಲೆಗೆ ಹಾದಿಯಾಯಿತು.

ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆ ಮನೆಗಳಿಗೆ ಇದು ಹೊಸ ಪಾಠವೇನೂ ಅಲ್ಲ. ಸಪ್ಪೆ ರೋಗದ ಭಯದಿಂದ ಅಲ್ಲಿ ಹುಳುವಿಗೆ ಒದ್ದೆ ಸೊಪ್ಪು ಹಾಕುವುದಿಲ್ಲ, ಗಾಳಿಯಾಡಲು ಬಿಡುತ್ತಾರೆ. ಅಣಬೆಗೆ ಇಳಿಯುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದು ಬೀಜ ತರಬಹುದು. ಗಾಳಿಯ ಎಚ್ಚರವನ್ನು ನೆರೆಮನೆಯ ರೇಷ್ಮೆ ತಟ್ಟೆಯಿಂದಲೇ ಕಲಿಯಬಹುದು.

ಕಲೆ ಕಾಣಿಸಿಕೊಂಡರೆ ಲೀಟರಿಗೆ 150 ಮಿಲಿಗ್ರಾಂ ಕ್ಲೋರಿನ್ ಇರುವಂತೆ ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಸಿಂಪಡಿಸುವ ರೂಢಿಯುಂಟು. ಅದಕ್ಕೂ ಮೊದಲು ಕಲೆಬಿದ್ದ ಗೊಂಚಲನ್ನು ಕಿತ್ತು ದೂರ ಹೂಳಬೇಕು. ಕೊಯ್ಲಿಗೆ ಹೊರಟ ಕೈ ಒಳ್ಳೆಯ ಚೀಲಗಳನ್ನು ಮುಗಿಸಿ, ರೋಗದ ಚೀಲವನ್ನು ಕಟ್ಟಕಡೆಗೆ ಮುಟ್ಟಿ, ಸೋಪಿನಲ್ಲಿ ತೊಳೆದುಕೊಳ್ಳಬೇಕು.